ನಿಲ್ಲು ಅಂದ ಮೇಲೆ ಒಂದು ಹೆಜ್ಜೆ

"ಹೆಸರು ನಿಂದ ಐತಿ! ನೂರು ಸಲ ಹೇಳ್ತೀನಿ, ಅಲ್ಲಿ ಹೆಸರು ನಿಂದ ಐತಿ!"

"ಹೆಸರು ನಂದ ಐತಿ. ಕೈ ನಂದಲ್ಲ ಅಂತ ನಾನೂ ನೂರು ಸಲ ಹೇಳ್ತೀನಿ."

"ಹಂಗಾರ ಯಾರ ಕೈ? ದೆವ್ವದ್ದೇನ?"

"ಇರಬೇಕು. ಒದರೋ ದೆವ್ವ ಒಂದು ಎದುರಿಗೇ ನಿಂತೈತಲ್ಲ!"

ಗೋವಿಂದರಾಜ ದೀಪಿಕಾಳ ಮುಂದಿನ ಮೇಜಿಗೆ ಗುದ್ದಿದ. ಚಹದ ಕಪ್ಪು ಕುಣಿದು ಉರುಳಿತು. ವಿರುಪಣ್ಣ ಎದ್ದು ಅವನ ಎದೆಗೆ ಎದೆ ಕೊಟ್ಟು ನಿಂತ.

"ಹೆಣ್ಣುಮಗಳ ಮುಂದ ಮೇಜು ಗುದ್ದತೀಯೇನಲೇ? ಗುದ್ದೂದಿದ್ರ ನನ್ನ ಗುದ್ದು. ಕಾಲೇಜಿನ್ಯಾಗ ಪಾಠ ಹೇಳಾಂವ ನೀನು, ಸಂತ್ಯಾಗಿನ ದಲಾಲಿ ಅಲ್ಲ."

"ಯಲಬುರ್ಗಾದಾಗ ಎಲ್ಲಾರ ಮುಂದ ಮರ್ಯಾದಿ ಹೋದದ್ದು ನಂದು, ನಿಂದಲ್ಲ!"

ಮರ್ಯಾದೆ ಹೋದದ್ದು ನಿಜ. ಹೋದ ವಾರ ಯಲಬುರ್ಗಾದ ಒಂದು ಶಾಲೆಯಲ್ಲಿ ಮೇಷ್ಟ್ರುಗಳನ್ನೂ ಸಾಹೇಬರನ್ನೂ ಕೂಡಿಸಿ ಗೋವಿಂದರಾಜ 'ಗೊಂಬಿ'ಯನ್ನು ತೋರಿಸಲು ಹೋಗಿದ್ದ. ಗೊಂಬಿ ಎಂದರೆ ಮಕ್ಕಳಿಗಾಗಿ ಇದೇ ಸೀಮೆಯವರು ಕಟ್ಟಿದ ಪ್ರೋಗ್ರಾಮಿಂಗ್ ಭಾಷೆ. ಪರದೆಯ ಮೇಲೆ ಕಿನ್ನಾಳದ ಬಣ್ಣದ ಗೊಂಬೆಯೊಂದು ನಿಂತಿರುತ್ತದೆ. ನಡೆ, ತಿರುಗು, ನಿಲ್ಲು ಎಂದು ಕನ್ನಡದಲ್ಲಿ ಬರೆದರೆ ಅದು ಹಾಗೇ ಮಾಡುತ್ತ, ಹೋದ ದಾರಿಯಲ್ಲೆಲ್ಲ ಗೆರೆ ಎಳೆಯುತ್ತದೆ. ಅಂದು ಪರದೆಯ ಮೇಲಿನ ಬಾವಿಯ ಅಂಚಿಗೆ ಬಂದ ಗೊಂಬೆಗೆ 'ನಿಲ್ಲು' ಎಂದು ಬರೆದಿತ್ತು. ಗೊಂಬೆ ನಿಂತಿತು. ನಿಂತು, ಇನ್ನೊಂದು ಹೆಜ್ಜೆ ಇಟ್ಟು ಬಾವಿಗೆ ಬಿತ್ತು. ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಸಾಹೇಬರು ನಗಲಿಲ್ಲ. "ನಿಲ್ಲಂದ್ರ ನಿಲ್ಲದ ಗೊಂಬಿ ನಮ್ಮ ಸಾಲಿಗೆ ಯಾಕ್ರಿ?" ಎಂದು ಎದ್ದುಹೋದರು.

ಈ ತಪ್ಪು ಹೊಸದಲ್ಲ. ಗೊಂಬಿಯನ್ನು ನೋಡಿಕೊಳ್ಳಲು ಭಾನುವಾರ ಕೊಪ್ಪಳದ ಈ ಮಹಡಿ ಕೋಣೆಯಲ್ಲಿ ಕೂಡುವ ಬಳಗದವರು ತಪ್ಪಿಗೆ 'ಹುಳ' ಎನ್ನುತ್ತಿದ್ದರು, ಎಲ್ಲರ ಬರಹ ಕೂಡಿಟ್ಟ ಜಾಗಕ್ಕೆ 'ಕಣಜ' ಎನ್ನುತ್ತಿದ್ದರು. ಕಣಜದ ಹನ್ನೊಂದನೆಯ ಹುಳ ಇದು. ಅದನ್ನು ಸರಿಮಾಡಿದವಳು ಈಗ ಬೈಸಿಕೊಳ್ಳುತ್ತಿದ್ದ ದೀಪಿಕಾಳೇ. ಎಲ್ಲರೂ ಕೂಡಿ ನೋಡಿ ಭೇಷ್ ಎಂದಿದ್ದರು. ಆದರೆ ಶಾಲೆಗಳಿಗೆ ಹೊಸ ಗೊಂಬಿ ಹೊರಟ ದಿನವೇ ಆ ದುರಸ್ತಿಯನ್ನು ಯಾರೋ ಮೆಲ್ಲಗೆ ಕಿತ್ತುಹಾಕಿದ್ದರು. ಕಿತ್ತವರ ಹೆಸರು ಕಣಜದಲ್ಲಿ ದಾಖಲಾಗಿತ್ತು. ದೀಪಿಕಾ.

"ಕಟ್ಟಳಿ ಕಟ್ಟಳೀನ" ಎಂದ ಗೋವಿಂದರಾಜ, ದನಿ ತಗ್ಗಿಸಿ. "ಎಲ್ಲಾರೂ ಕೂಡಿ ಒಪ್ಪಿದ್ದನ್ನ ಕದ್ದು ತಿರುವಿದವ್ರು ಈ ಮೆಟ್ಟಲಾ ಹತ್ತಂಗಿಲ್ಲ. ಸರ ಹಾಕಿದ ಕಟ್ಟಳಿ. ಹೌದಲ್ರಿ ಸರ?"

ಎಲ್ಲರೂ ಮೂಲೆಯ ಕಡೆ ನೋಡಿದರು. ಅಲ್ಲಿ ಹಳೆಯ ಟೈಪ್‌ರೈಟರಿನ ಮುಂದೆ ಕರಿಬಸಪ್ಪ ಸರ್ ಕೂತು, ಎಣ್ಣೆ ಬಟ್ಟೆಯಿಂದ ಅದರ ಕೀಲಿ ಒರೆಸುತ್ತಿದ್ದರು. ಅವರು ತಲೆ ಎತ್ತಲಿಲ್ಲ. "ಹೌದು" ಎಂದರು, ಅಷ್ಟೆ.

ದೀಪಿಕಾಳ ಮುಖ ಆಗ ಬಿಳಿಚಿತು. ಸಿದ್ದಾಪುರದ ಆ ಹುಡುಗಿ ವಾರವೆಲ್ಲ ಪಂಚಾಯಿತಿಯ ಕಂಪ್ಯೂಟರಿನ ಮುಂದೆ ಕೂತು ಮಂದಿಯ ಅರ್ಜಿ ತುಂಬುವವಳು. ಭಾನುವಾರ ಒಂದೇ ಅವಳ ದಿನ. ಬೇಸಿಗೆಯಲ್ಲಿ ಕರಿಬಸಪ್ಪ ಸರ್ ಕೈ ನಡುಗುತ್ತದೆಂದು ಕಣಜದ ಕೀಲಿಯನ್ನು, ಅಂದರೆ ಅದರೊಳಗೆ ತಿದ್ದುವ ಹಕ್ಕನ್ನು, ತಾವು ಬಿಟ್ಟು ಅವಳಿಗೆ ಕೊಟ್ಟಿದ್ದರು. ಅಂದು ಅವಳು ಅವರ ಕಾಲಿಗೆ ಬಿದ್ದು ಅತ್ತಿದ್ದಳು. ಈಗ ಕಳ್ಳಿ ಎನಿಸಿಕೊಂಡು ಇಳಿದುಹೋಗಬೇಕು.

"ಒಂದು ವಾರ ನನಗ ಕೊಡ್ರಿ" ಎಂದಿತು ಕಿಟಕಿಯ ಕಡೆಯಿಂದ ಒಂದು ದನಿ. "ಮುಂದಿನ ಭಾನುವಾರ ಎಲ್ಲಾರೂ ಇಲ್ಲೇ ಕೂಡೂಣು. ಆಮ್ಯಾಲ ಯಾರು ಇಳೀಬೇಕೋ ಅವರು ಇಳೀಲಿ."

ಹಾಗೆಂದವರು ತಾಜಬೀ. ಕುಷ್ಟಗಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವ ಟೀಚರ್. ಬಳಗಕ್ಕೆ ಬಂದ ಹುಳಗಳನ್ನೆಲ್ಲ ಮೊದಲು ಆರಿಸುವವರು ಅವರೇ. ಕನಕಗಿರಿಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಮೇಲೆ ಮಾತ್ರ ಗೊಂಬೆಗೆ ಬಣ್ಣ ಹತ್ತುವುದಿಲ್ಲ ಎಂದಾಗ, ತಪ್ಪು ಭಾಷೆಯದಲ್ಲ, ಕಿಟಕಿಯಿಂದ ಪರದೆಗೆ ಬೀಳುವ ಬಿಸಿಲಿನದು ಎಂದು ಹುಡುಕಿದವರೂ ಅವರೇ. ಆ ಸಲ ಬೈಕಿನಲ್ಲಿ ಅವರನ್ನು ಕರೆದೊಯ್ದವನು ವಿರುಪಣ್ಣ. ಅಂದಿನಿಂದ ತಾಜಬೀ ಎಲ್ಲಿಗೆ ಹೊರಟರೂ ಅವನ ಬೀಜ-ಗೊಬ್ಬರದ ಅಂಗಡಿಯ ಬಾಗಿಲು ಅರ್ಧ ಇಳಿಯುತ್ತಿತ್ತು.

ಗೋವಿಂದರಾಜ ಗೊಣಗಿದ, ಆದರೆ ಒಪ್ಪಿದ.

*

ವಿರುಪಣ್ಣನಿಗೆ ಆ ಕೋಣೆ ಎಂದರೆ ಒಂದು ವಾಸನೆ. ಎಣ್ಣೆ, ಶಾಯಿಯ ರಿಬ್ಬನ್ನು, ಹುಡುಗರ ಬೆವರು. ಅವನು ಹಳ್ಳಿಯ ಶಾಲೆ ಮುಗಿಸಿ ಬಂದಾಗ ಅದು ಕರಿಬಸಪ್ಪನವರ ಟೈಪಿಂಗ್ ಸಾಲೆ. ಗೋವಿಂದರಾಜನೂ ಕಲಿತದ್ದು ಅಲ್ಲೇ. ಸಾಲಾಗಿ ಯಂತ್ರಗಳು. ಬೆರಳು ಕಾಣದಂತೆ ಮೇಲೊಂದು ಕರಿ ಬಟ್ಟೆ. ಕಣ್ಣು ಕೆಳಗಿಳಿದರೆ ಬೆರಳಿಗೆ ಸರ್ ಅವರ ರೂಲು ಬೀಳುತ್ತಿತ್ತು. ಸಾಲಿನ ಕೊನೆಗೆ ಟಿಣ್ ಎಂದು ಗಂಟೆ. ಸಂಜೆ ಎಲ್ಲ ಯಂತ್ರಗಳೂ ಒಟ್ಟಿಗೆ ಬಡಿದರೆ ಕೆಳಗಿನ ರಸ್ತೆಯ ಚುರುಮುರಿಯವನು, "ಸರ ಮತ್ತ ಆಣಿಕಲ್ಲು ಬೀಳಿಸಾಕತ್ಯಾರ" ಅನ್ನುತ್ತಿದ್ದ.

ಯಂತ್ರ ಕೆಟ್ಟರೆ ರಿಪೇರಿಗೆ ಹಾಜಿಸಾಬ. ಸರ್ ಅವರ ಜೊತೆಗಾರ, ಜಗಳಗಾರ, ಜೀವದ ಗೆಳೆಯ. ಸೈಕಲ್ ಪಂಪಿನಿಂದ ಕೀಲಿಗಳ ಸಂದಿಗೆ ಗಾಳಿ ಹೊಡೆದು, ಧೂಳು ಕೆಮ್ಮುತ್ತ, "ಇದಕ್ಕೂ ಉಸುರು ಐತಿ ತಮ್ಮಾ" ಅನ್ನುತ್ತಿದ್ದ. ಟೈಪಿಂಗ್ ಕಲಿಯುವವರು ಬರುವುದು ನಿಂತಾಗ ಇಬ್ಬರೂ ಕೂಡಿ ಒಂದು ಹಳೆಯ ಕಂಪ್ಯೂಟರ್ ತಂದರು. ಪುಸ್ತಕ ಮುಂದಿಟ್ಟುಕೊಂಡು, ಬೈದಾಡಿಕೊಂಡು, ಕಿನ್ನಾಳದ ಮಕ್ಕಳಿಗೆಂದು ಗೊಂಬಿಯನ್ನು ಕಟ್ಟಿದರು. ಗೊಂಬೆಯ ನಡಿಗೆ ಬರೆದವನು ಹಾಜಿಸಾಬ. ಅವನು ತೀರಿಕೊಂಡು ವರ್ಷಗಳಾದವು. ಆಮೇಲೆ ಬಂದವರು ಗೊಂಬಿಯನ್ನು ಬೆಳೆಸಿದರು. ವಿರುಪಣ್ಣನ ಪಾಲಿನ ಕೆಲಸ, ಮಕ್ಕಳು ತಪ್ಪು ಬರೆದಾಗ ಗೊಂಬಿ ಹೇಳುವ ಮಾತುಗಳನ್ನು ಬರೆಯುವುದು. ಊರೆಲ್ಲ ಬೈಯುವ ಬಾಯಿಯಿಂದ ಮಕ್ಕಳಿಗೆ ಮಾತ್ರ, 'ಇನ್ನೊಮ್ಮೆ ನೋಡು ಕಂದ' ಎಂಬ ಸಾಲು ಹೇಗೆ ಬಂತೆಂದು ಅವನ ಹೆಂಡತಿಗೂ ತಿಳಿಯದು.

ಯಂತ್ರಗಳೆಲ್ಲ ಗುಜರಿಗೆ ಹೋಗಿ ಒಂದೇ ಒಂದು ಉಳಿದಿತ್ತು. ಭಾನುವಾರ ಬಳಗದವರು ಊಟಕ್ಕೆ ಇಳಿದಾಗ ಸರ್ ಅದರ ಮೇಲೆ ಸುಮ್ಮನೆ ಏನಾದರೂ ಬಡಿಯುವರು. ಊಟ ಮುಗಿಸಿ ಮೆಟ್ಟಿಲು ಹತ್ತುವಾಗ ಆ ಟಕಟಕ ಕೇಳಿದರೆ ವಿರುಪಣ್ಣನ ಬೆರಳು ತಾನಾಗಿಯೇ ತೊಡೆಯ ಮೇಲೆ ಕುಣಿಯುತ್ತಿತ್ತು.

*

ಅಂದು ಎಲ್ಲರೂ ಇಳಿದುಹೋದ ಮೇಲೆ ಮೂವರು ಕೆಳಗಿನ ಚಹದಂಗಡಿಯಲ್ಲಿ ಕೂತರು. ದೀಪಿಕಾ ಚಹ ಮುಟ್ಟಲಿಲ್ಲ.

"ಮಗಳೆ, ಹುಳದ ಮೂರು ಪ್ರಶ್ನಿ ನೆನಪದಾವಿಲ್ಲ?" ಎಂದರು ತಾಜಬೀ.

"ಏನು ಮಾಡಿದಿ, ಏನಾಗಬೇಕಿತ್ತು, ಏನಾತು."

"ಹೂಂ. ಯಾರು ಮಾಡಿದ್ರು ಅನ್ನೂದು ಅದರಾಗ ಇಲ್ಲ ನೋಡು. ಗೋವಿಂದರಾಜ ನಾಲ್ಕನೇ ಪ್ರಶ್ನೀನ ಮೊದಲ ಕೇಳ್ಯಾನ. ಹೇಳು, ಆ ಭಾನುವಾರ ಏನಾತು?"

ಗೊಂಬಿಯನ್ನು ಶಾಲೆಗಳಿಗೆ ಕಳಿಸುವ ಭಾನುವಾರ ಅದು. ಮಧ್ಯಾಹ್ನ ದೀಪಿಕಾ, ವಿರುಪಣ್ಣ, ತಾಜಬೀ ಖಾನಾವಳಿಗೆ ಹೋಗಿದ್ದರು. ದೀಪಿಕಾಳ ಲ್ಯಾಪ್‌ಟಾಪ್ ಮೇಜಿನ ಮೇಲೆ ತೆರೆದೇ ಇತ್ತು. ಮೇಲೆ ಉಳಿದವರು ಮೂವರು. ಕಣಜದಿಂದ ತೆಗೆದ ಗೊಂಬಿಯನ್ನು ಶಾಲೆಗಳಿಗೆ ಗಂಟು ಕಟ್ಟಿ ಕಳಿಸುವ ರಫೀ, ಗಂಗಾವತಿ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟವನು. ಊಟದ ಡಬ್ಬಿ ತಂದಿದ್ದ ಗೋವಿಂದರಾಜ. ಹೊಟ್ಟೆ ಸರಿಯಿಲ್ಲವೆಂದ ಕರಿಬಸಪ್ಪ ಸರ್. ಚಹಕ್ಕೆ, ಬೀಡಿಗೆ, ಫೋನಿಗೆ ಅಂತ ಇಬ್ಬಿಬ್ಬರು ಒಂದೊಂದು ಸಲ ಹೊರಗೆ ಹೋಗಿಬಂದಿದ್ದರು. ಹೀಗಾಗಿ ಮೂವರಲ್ಲಿ ಒಬ್ಬೊಬ್ಬರೂ ಸ್ವಲ್ಪ ಹೊತ್ತು ಒಬ್ಬರೇ ಇದ್ದಂತಾಯಿತು.

"ರಫೀನ!" ಎಂದ ವಿರುಪಣ್ಣ. "ಕಡೀ ಗಳಿಗ್ಯಾಗ ತಿದ್ದಿದ್ರ ಗಂಟು ಬಿಚ್ಚಿ ಮತ್ತ ಕಟ್ಟಬೇಕಾಕ್ಕೈತಿ ಅಂತ ಬೆಳಗಿನಿಂದ ಸಿಡಿಮಿಡಿ ಮಾಡತಿದ್ದ. ಕಣಜದಾಗ ಏನರೆ ಇರಲಿ, ಹಳೇದನ್ನ ಕಟ್ಟಿ ಕಳಿಸ್ಯಾನ ಮಗ. ನಡೀರಿ, ಗಂಗಾವತಿಗೆ ಹೋಗಿ ಕೊಳ್ಳಪಟ್ಟಿ ಹಿಡೀತೀನಿ."

"ಕುಂದರ್ರಿ ವಿರುಪಣ್ಣಾರ. ಚಹ ಆರತೈತಿ." ತಾಜಬೀ ದೀಪಿಕಾಳ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಮೊದಲು ಹುಳಾನ ನಮ್ಮ ಕಣ್ಣಲೆ ನೋಡೂಣು. ರಫೀ ಕಟ್ಟಿದ ಗಂಟು ಬ್ಯಾಡ. ಸೀದಾ ಕಣಜದಿಂದ ತಗೀತೀನಿ."

ನಡೆ. ನಿಲ್ಲು. ಗೊಂಬೆ ನಿಂತಿತು, ಮತ್ತೊಂದು ಹೆಜ್ಜೆ ಇಟ್ಟಿತು.

"ನೋಡಿದ್ರಿಲ್ಲ? ಹುಳ ಕಣಜದಾಗ ಐತಿ, ಗಂಟಿನ್ಯಾಗಲ್ಲ. ರಫೀ ಕೊಳ್ಳಪಟ್ಟಿ ಉಳೀತು." ಆಮೇಲೆ ಅವರು ದುರಸ್ತಿಯನ್ನು ಕಿತ್ತುಹಾಕಿದ ಆ ತಿದ್ದುಪಡಿಯನ್ನೇ ತೆರೆದು, ಮೊದಲಿನಿಂದ ಕೊನೆಯವರೆಗೆ ಓದಿದರು. ಒಂದು ಸಲ ಓದಿ, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. "ಇದನ್ನ ನೀವ್ಯಾರರೆ ಪೂರ್ತಿ ಓದೀರೇನು?"

ವಿರುಪಣ್ಣ ತಲೆ ಕೆರೆದುಕೊಂಡ. ಹೆಸರು ನೋಡಿದ್ದರು. ಓದಿರಲಿಲ್ಲ.

ಅದರಲ್ಲಿ ಎರಡು ಕೆಲಸ ಆಗಿದ್ದವು. ದೀಪಿಕಾ ಹಾಕಿದ ಸಾಲನ್ನು ಅಳಿಸಿತ್ತು. ಅದರ ಜೊತೆಗೆ 'ಒರೆ'ಯನ್ನೂ ಹೊಸದಾಗಿ ಬರೆದಿತ್ತು. ಒರೆ ಅಂದರೆ ಚಿನ್ನಕ್ಕೆ ಒರೆಗಲ್ಲು ಇದ್ದ ಹಾಗೆ, ಗೊಂಬಿ ಸರಿಯಾಗಿದೆಯೇ ಎಂದು ತಾನೇ ಪರೀಕ್ಷಿಸಿಕೊಳ್ಳುವ ಪುಟ್ಟ ಪ್ರೋಗ್ರಾಮು. ಅದನ್ನು ಗೊಂಬಿಯಲ್ಲೇ, ಕನ್ನಡದಲ್ಲೇ ಬರೆಯುತ್ತಾರೆ. ದೀಪಿಕಾಳ ಒರೆ, ನಿಲ್ಲು ಎಂದಲ್ಲಿ ಗೊಂಬೆ ನಿಲ್ಲಬೇಕು ಎನ್ನುತ್ತಿತ್ತು. ಹೊಸ ಒರೆ, ನಿಂತ ಮೇಲೆ ಒಂದು ಹೆಜ್ಜೆ ಇಡಲೇಬೇಕು ಎನ್ನುತ್ತಿತ್ತು. ಅಚ್ಚುಕಟ್ಟಾದ, ತಪ್ಪಿಲ್ಲದ ಒರೆ.

"ಊಟ ಮುಗಿಸಿ ಬಂದ ಮ್ಯಾಲ ಲ್ಯಾಪ್‌ಟಾಪ್ ಹ್ಯಾಂಗಿತ್ತು?" ಎಂದು ಕೇಳಿದರು ತಾಜಬೀ.

"ಹಂಗ ಇತ್ರಿ... ಇಲ್ಲ, ನಿಲ್ರಿ. ಅಕ್ಷರ ಹುಚ್ಚುಚ್ಚಾರ ಬಂದ್ವು. ವಿರುಪಣ್ಣ ಕಾಕಾ ನಕ್ಕಿದ್ರಲ್ಲ?"

ವಿರುಪಣ್ಣನಿಗೆ ನೆನಪಾಯಿತು. ಅವಳು 'ಗೊಂಬಿ' ಎಂದು ಹೊಡೆದರೆ ಪರದೆಯ ಮೇಲೆ ಯಾವುದೋ ಮಂತ್ರ ಮೂಡಿತ್ತು. "ಏನವ್ವಾ, ಬದನಿಕಾಯಿ ತಿಂದು ಬೆರಳಿಗೆ ನಂಜಾತೇನ?" ಅಂದಿದ್ದ. ರಫೀ ಅದನ್ನು ಆರಿಸಿ ಮತ್ತೆ ಹಚ್ಚಿದ ಮೇಲೆ ಸರಿಹೋಗಿತ್ತು.

ತಾಜಬೀ ಆರಿದ ಚಹವನ್ನು ಒಂದೇ ಗುಟುಕಿಗೆ ಕುಡಿದು, "ವಿರುಪಣ್ಣಾರ, ನಾವು ಹತ್ತಿ ಬರುವಾಗ ಮ್ಯಾಲಿಂದ ಟೈಪ್ ಸಪ್ಪಳ ಕೇಳಿತ್ತೇನ್ರಿ ಆವತ್ತು?" ಎಂದರು.

"ಇಲ್ಲ. ಸರ್‌ಗೆ ಹೊಟ್ಟಿ ಸರಿ ಇದ್ದಿಲ್ಲಲ್ಲ."

"ಹೂಂ" ಎಂದರು. "ನಾಳೆ ಸಂಜಿಗೆ ಬೈಕ್ ತರ್ರಿ. ಕಿನ್ನಾಳಕ್ಕ ಹೋಗಬೇಕು. ಹಳೇ ಹೆಜ್ಜಿ ಯಾರಿಗೆ ಬೇಕಾಗಿತ್ತೋ ನೋಡೂಣು."

*

ಕಿನ್ನಾಳದಲ್ಲಿ ವಾಣಿಶ್ರೀಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗೊಂಬಿ ಕಲಿತ ಮೊಟ್ಟಮೊದಲ ಮಕ್ಕಳಲ್ಲಿ ಅವಳೊಬ್ಬಳು. ಈಗ ಎರಡು ಮಕ್ಕಳ ತಾಯಿ. ಪಡಸಾಲೆಯಲ್ಲಿ ಹಗುರ ಮರದ ಗಿಳಿಗಳ ಸಾಲು ಬಣ್ಣ ಆರಲು ಕಾದು ನಿಂತಿತ್ತು.

"ನಿನ್ನ ಕುದುರಿ ನೋಡಾಕ ಬಂದೀವಿ" ಎಂದರು ತಾಜಬೀ.

ಅವಳು ನಾಚಿಕೊಂಡು ನಕ್ಕಳು. ಆ ಕಾಲದಲ್ಲಿ ಅವಳು ಗೊಂಬಿಯಿಂದ ಕುದುರೆ ಬರೆಸಿದಾಗ ಊರಿನವರೆಲ್ಲ ಬಂದು ನೋಡಿದ್ದರು. ಅಂಥ ಹಳೆಯ ಚಿತ್ರಗಳೆಲ್ಲ ಕಣಜದ ಒಂದು ಮೂಲೆಯಲ್ಲಿ ಇನ್ನೂ ಇದ್ದವು. ತಾಜಬೀ ಮೊದಲು ಹಳೆಯ ನಡಿಗೆಯಲ್ಲಿ ಅದನ್ನು ಓಡಿಸಿದರು. ಗೊಂಬೆ ಹೊರಟು, ಬೆನ್ನು, ಕೊರಳು, ಮೂತಿ ಎಳೆದು, ಹೊರಟಲ್ಲಿಗೇ ಬಂದು ಕೂಡಿತು. ಪೂರಾ ಕುದುರೆ. ಆಮೇಲೆ ದೀಪಿಕಾ ಸರಿಮಾಡಿದ ನಡಿಗೆಯಲ್ಲಿ ಓಡಿಸಿದರು. ಮೂತಿ ಕೂಡಲಿಲ್ಲ. ಕಾಲು ಹೊಟ್ಟೆಗೆ ಮುಟ್ಟಲಿಲ್ಲ. ಎಲ್ಲೆಲ್ಲೂ ಒಂದೊಂದು ಹೆಜ್ಜೆಯ ಬಿರುಕು.

"ಅಯ್ಯ! ನನ್ನ ಕುದುರಿ ಮುರದೈತಿ!" ಎಂದಳು ವಾಣಿಶ್ರೀ. "ನಮಗ ಹಾಜಿ ಮಾಮಾ ಹಂಗ ಕಲಿಸಿದ್ರಲ್ರಿ. ಹತ್ತು ಹೆಜ್ಜಿ ಬೇಕಂದ್ರ ಒಂಬತ್ತು ನಡಿ ಅನ್ನು, ಹತ್ತನೇದ್ದು ನಿಲ್ಲೂ ಹೆಜ್ಜಿ ಅಂತ."

"ನಿಲ್ಲೂ ಹೆಜ್ಜಿ" ಎಂದು ಮೆಲ್ಲಗೆ ಹೇಳಿಕೊಂಡರು ತಾಜಬೀ. "ಯಾಕ ಹಂಗ ಅಂತ ಕೇಳಲಿಲ್ಲೇನು ನೀವು?"

"ಕೇಳಿದ್ವಿ. ಟೈಪ್ ಮಷಿನ್ ತೋರಿಸಿದ್ರು. ನಾವು ಸಣ್ಣವ್ರು, ನಕ್ಕು ಸುಮ್ಮನಾದ್ವಿ."

ಹಿಂದಿರುಗುವಾಗ ತಾಜಬೀ, ಕೊಪ್ಪಳದ ಕೋಟೆ ಗುಡ್ಡ ಕಂಡ ಮೇಲೆ, "ವಿರುಪಣ್ಣಾರ, ಈ ಹುಳ ನಾ ಹಿಡೀಬಾರದಿತ್ತು" ಎಂದರು. ವಿರುಪಣ್ಣ ಬೈಕ್ ನಿಲ್ಲಿಸಿ ಯಾರೆಂದು ಕೇಳಿದ. ಅವರು ಹೇಳಲಿಲ್ಲ. ಅವನಿಗೆ ಸಿಟ್ಟು ಬಂತು. ಮನೆಗೆ ಹೋಗಿ ಉಣ್ಣದೆ ಮಲಗಿದ.

*

ಭಾನುವಾರ ಎಲ್ಲರೂ ಕೂಡಿದರು. ರಫೀ ಬಾಗಿಲಿಗೊರಗಿ ನಿಂತ. ಗೋವಿಂದರಾಜ ಕೈ ಕಟ್ಟಿ ಕೂತ. ದೀಪಿಕಾ ಲ್ಯಾಪ್‌ಟಾಪ್ ಎದೆಗವಚಿಕೊಂಡಿದ್ದಳು. ಕರಿಬಸಪ್ಪ ಸರ್ ತಮ್ಮ ಮೂಲೆಯಲ್ಲೇ ಇದ್ದರು, ಯಂತ್ರದ ಮುಂದೆ.

"ಮೊದಲು ಒಂದು ಪ್ರಶ್ನಿ" ಎಂದರು ತಾಜಬೀ. "ಯಾವ ತಿದ್ದುಪಡಿಗೂ ಇನ್ನೊಬ್ಬರ ಒಪ್ಪಿಗಿ ಬೇಕು. ಇದಕ್ಕ ಒಪ್ಪಿಗಿ ಕೊಟ್ಟಾರ ಯಾರು?"

ಗೋವಿಂದರಾಜನ ಕೈ ಸಡಿಲಾಯಿತು. "...ನಾನ."

"ಓದಿ ಕೊಟ್ಟ್ಯೋ?"

"ದೀಪಿಕಾ ಹೆಸರಿತ್ತು. ಆಕಿ ಮಾಡಿದ್ದು ಸರಿ ಇರತೈತಿ ಅಂತ..." ಅವನು ಮುಂದೆ ಹೇಳಲಿಲ್ಲ. ವಿರುಪಣ್ಣ ಬಾಯಿ ತೆರೆದ. ತಾಜಬೀ ಕಣ್ಣಿನಿಂದಲೇ ಅವನನ್ನು ಕೂಡಿಸಿದರು.

"ಹೆಸರು ನೋಡಿ ನಂಬಿದಿ, ಹೆಸರು ನೋಡಿ ಬೈದಿ. ಇರಲಿ. ನಾ ಆ ತಿದ್ದುಪಡಿ ಓದಿದೆ. ದುರಸ್ತಿ ಕೆಡಿಸಾಕ ಒಂದು ಸಾಲು ಅಳಿಸಿದ್ರ ಆತು. ದೀಪಿಕಾನ ಒರಿ ಅಡ್ಡ ಬಂದ್ರ ಅದನ್ನೂ ಅಳಿಸಬೇಕು. ಅಳಿಸಾಕ ಅಕ್ಷರ ಹೊಡಿಯೂದು ಬೇಕಾಗಿಲ್ಲ. ಆದ್ರ ಆ ಮನಷ್ಯಾ ಅಳಿಸಿ ಸುಮ್ಮನಾಗಲಿಲ್ಲ. ಕುಂತು, ಕನ್ನಡದಾಗ, ಹೊಸಾ ಒರಿ ಬರದ. ಬರೀಬೇಕಂದ್ರ ಬೆರಳಿಗೆ ರೂಢಿ ಆದ ಕೀಲಿಮಣಿ ಬೇಕು. ದೀಪಿಕಾಂದು ಈಗಿನ ಕೀಲಿಮಣಿ, ಅಕ್ಷರದ ಜಾಗಾನ ಬ್ಯಾರೆ. ಅದನ್ನ ಹಳೇ ಟೈಪ್‌ರೈಟರ್ ಕೀಲಿಮಣಿಗೆ ತಿರುವಿದ. ಬರದು ಮುಗಿಸಿ ಮೊದಲಿನಂಗ ಮಾಡೂದು ಮರತ. ಅದಕ್ಕ ಈಕಿ ಬಂದು ಹೊಡದ್ರ ಮಂತ್ರ ಬಂದ್ವು."

"ನನಗ ಟೈಪ್‌ರೈಟರ್ ಮುಟ್ಟಿ ಗೊತ್ತಿಲ್ಲಪಾ" ಎಂದ ರಫೀ ಎರಡೂ ಕೈ ಎತ್ತಿ. "ನಾ ಇಂಗ್ಲಿಷ್ ಅಕ್ಷರದಾಗ ಕನ್ನಡ ಹೊಡ್ಯಾಂವ."

"ಅದಕ್ಕ ನೀ ಅಲ್ಲ. ಇಲ್ಲಿ ಟೈಪಿಂಗ್ ಕಲ್ತವ್ರು ಮೂವರು. ವಿರುಪಣ್ಣಾರು ನಮ್ಮ ಜೋಡಿ ಊಟಕ್ಕ ಇದ್ರು. ಉಳದವ್ರು ಇಬ್ರು."

ಗೋವಿಂದರಾಜ ಜಿಗಿದೆದ್ದ. "ಅಂದ್ರ ನಾನೇನ್ರಿ? ನನ್ನ ಮರ್ಯಾದಿ ನಾನ ಕಳ್ಕೊಳ್ಳಾಕ..."

"ಕುಂದರೋ. ನೀ ಅಲ್ಲ ಅಂತ ನನಗಿಂತ ಚಂದ ಯಾರಿಗೆ ಗೊತ್ತೈತಿ? ಇಷ್ಟು ವರ್ಷದಾಗ ನೀ ಕಳಿಸಿದ ಒಂದೊಂದು ತಿದ್ದುಪಡಿನೂ 'ಒರಿ ಎಲ್ಲಿ ಗೋವಿಂದರಾಜ' ಅಂತ ತಿರುಗಿ ಕಳಿಸೀನಿ. ಬೈದು ಬರಿ ಅಂದ್ರ ಬರೆಯದಾಂವ, ಕಳುವು ಮಾಡುವಾಗ ಒರಿ ಬರದಾನೇನು?"

ರಫೀ ಕಿಸಕ್ಕೆಂದು ನಕ್ಕ. ನಕ್ಕವನು ತಟ್ಟನೆ ನಿಲ್ಲಿಸಿದ. ಕೋಣೆಯಲ್ಲಿ ಯಾರಿಗೂ ಮೂಲೆಯ ಕಡೆ ನೋಡುವ ಧೈರ್ಯವಾಗಲಿಲ್ಲ.

"ಒರಿ ಇಲ್ಲದ ಒಂದಕ್ಷರ ಕಣಜಕ್ಕ ಹಾಕಬಾರದು ಅಂತ ನಮಗೆಲ್ಲಾ ಕಲಿಸಿದವರು ಒಬ್ಬರ. ತಪ್ಪು ಮಾಡುವಾಗ ಸೈತ ಅದನ್ನ ಬಿಡಾಕ ಅವರ ಕೈಲೆ ಆಗಲಿಲ್ಲ." ತಾಜಬೀ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಆವತ್ತು ಮೆಟ್ಟಲಾ ಹತ್ತುವಾಗ ಟೈಪಿನ ಸಪ್ಪಳ ಇದ್ದಿಲ್ಲ. ಅವರ ಬೆರಳು ಬ್ಯಾರೆ ಕಡೆ ಇದ್ವು."

"ಏಯ್!" ವಿರುಪಣ್ಣ ಗುಡುಗಿದ. "ಬಾಯಿ ಬಿಗಿ ಹಿಡೀರಿ ಟೀಚರ್ರ. ಸರ್‌ಗೆ ಅಂತೀರಿ? ನಮಗ ಅನ್ನ ಹಾಕಿದ ಬೆರಳಿಗೆ ಅಂತೀರಿ?"

"ವಿರುಪಣ್ಣ." ಮೂಲೆಯಿಂದ ಬಂದ ದನಿ. ಕರಿಬಸಪ್ಪ ಸರ್ ಬಟ್ಟೆ ಕೆಳಗಿಟ್ಟರು. "ಕುಂದರು. ಆಕಿ ಹೇಳಿದ್ದು ಖರೇ ಐತಿ."

ವಿರುಪಣ್ಣ ಕೂಡಲಿಲ್ಲ. ನಿಂತೇ ಉಳಿದ. ಅವನ ಕೈ ಏನು ಮಾಡಬೇಕೆಂದು ತಿಳಿಯದೆ ಅಂಗಿಯ ಗುಂಡಿ ತಿರುವುತ್ತಿತ್ತು.

ಸರ್ ಯಂತ್ರಕ್ಕೆ ಒಂದು ಹಾಳೆ ಸಿಕ್ಕಿಸಿದರು. ಪೂರ್ಣವಿರಾಮದ ಕೀಲಿ ಒತ್ತಿದರು. ಟಕ್. ಚುಕ್ಕೆ ಬಿತ್ತು, ಹಾಳೆ ಹೊತ್ತ ಗಾಡಿ ಒಂದಕ್ಷರದ ಮನೆ ಸರಿಯಿತು.

"ನೋಡ್ರಿ. ವಾಕ್ಯ ಮುಗೀತು, ನಿಲ್ಲು ಅಂದ್ವಿ. ಆದ್ರೂ ಗಾಡಿ ಒಂದು ಮನಿ ಮುಂದ ಹೋತು. ಹೋಗದಿದ್ರ ಮುಂದಿನ ಅಕ್ಷರ ಆ ಚುಕ್ಕಿ ಮ್ಯಾಲ ಬೀಳತೈತಿ. ಹಾಜಿಗೆ ಗೊತ್ತಿದ್ದ ಮಷಿನ್ ಇದೊಂದ. ಗೊಂಬಿ ನಡಿಗೀನೂ ಹಿಂಗ ಬರದ. ನಿಂತ ಮ್ಯಾಲ ಮುಂದಿನವರಿಗೆ ಜಾಗಾ ಬಿಡಬೇಕೋ ಕರಿಬಸ್ಯಾ ಅಂದ. ನೀವೆಲ್ಲಾ ಕುಂತು ಅದಕ್ಕ ಹುಳ ಅಂದ್ರಿ. ಹನ್ನೊಂದನೇದ್ದು ಅಂತ ನಂಬರ್ ಹಚ್ಚಿದ್ರಿ. ನಾನೂ ಹೂಂ ಅಂದೆ. ಹುಳಾನ ಅದು, ಬಾವಿಗೆ ಬೀಳತೈತಿ ಅಂದ ಮ್ಯಾಲ ಹುಳಾನ. ಆದ್ರ ಆವತ್ತು ಒಬ್ಬನ ಕುಂತು ಕಿನ್ನಾಳ ಹುಡುಗರ ಚಿತ್ರ ಒಂದೊಂದ ಹಚ್ಚಿ ನೋಡಿದೆ. ಕುದುರಿ, ಆನಿ, ಮನಿ, ಎಲ್ಲಾ ಬಾಯಿ ಬಿಟ್ಕೊಂಡು ನಿಂತಿದ್ವು. ಹಾಜಿ ಇಟ್ಟ ಹೆಜ್ಜಿ ಅಷ್ಟೂ ಮಾಯ. ಎದುರಿಗೆ ಈ ಹುಡುಗಿ ಮಷಿನ್ ತೆರದಿತ್ತು."

"ನಮಗ ಹೇಳಬಾರದಾಗಿತ್ತೇನ್ರಿ ಸರ?" ಎಂದಳು ದೀಪಿಕಾ. ಅವಳು ಆಗಲೂ ಅಳಲಿಲ್ಲ.

"ಹೇಳಬೇಕಾಗಿತ್ತವ್ವ. ಹೋದ ವಾರ ನಿನ್ನ ಬೈಯುವಾಗ ಹೇಳಬೇಕಂತ ಬಾಯಿ ತೆರದೆ. 'ಹೌದು' ಅಂತ ಒಂದ ಮಾತು ಬಂತು, ಅದೂ ಕಟ್ಟಳಿಗೆ. ಊರ ಹುಡುಗರ ಬೆರಳಿಗೆಲ್ಲಾ ರೂಲಿನಿಂದ ಹೊಡದಾಂವ ನಾನು."

ದೀಪಿಕಾ ಲ್ಯಾಪ್‌ಟಾಪನ್ನು ಅವರ ಮುಂದೆ, ಯಂತ್ರದ ಪಕ್ಕಕ್ಕೆ ಇಟ್ಟು ತೆರೆದಳು. "ಟೀಚರ್ ಕಿನ್ನಾಳದಿಂದ ಬಂದು ಚಿತ್ರ ಮುರದಾವು ಅಂದ್ರು. ಯಾರು ಅಂತ ಹೇಳಲಿಲ್ಲ. ವಾರದಾಗ ನಾ ಒಂದು ಮಾಡೀನ್ರಿ. ಈಗ ನಿಲ್ಲು ಅಂದ್ರ ಗೊಂಬಿ ನಿಲ್ಲತೈತಿ. ಆದ್ರ ಚಿತ್ರದ ತಲಿಮ್ಯಾಲ ಒಂದು ಸಾಲು ಬರದ್ರ, ಆ ಚಿತ್ರಕ್ಕಷ್ಟ ಹಳೇ ನಡಿಗಿ. ಹಳೇ ಚಿತ್ರಕ್ಕೆಲ್ಲಾ ಆ ಸಾಲು ಹಾಕೀನಿ. ಒರಿನೂ ಬರದೀನಿ."

ಆ ಸಾಲು 'ಹಾಜಿ ನಡೆ' ಎಂದಿತ್ತು. ಕೆಳಗೆ ವಾಣಿಶ್ರೀಯ ಕುದುರೆ. ಗೊಂಬೆ ಹೊರಟಿತು, ಬೆನ್ನು ಎಳೆಯಿತು, ಕೊರಳು ಎಳೆಯಿತು. ಮೂತಿಯ ಹತ್ತಿರ ಬಂದು ನಿಂತು, ಒಂದು ಹೆಜ್ಜೆ ಇಟ್ಟು, ಹೊರಟಲ್ಲಿಗೆ ಕೂಡಿತು.

ಕರಿಬಸಪ್ಪ ಸರ್ ಮುಂದಕ್ಕೆ ಬಾಗಿ ನೋಡಿದರು. ಆಮೇಲೆ ಬೆರಳಿನಿಂದ ಪರದೆಯ ಮೇಲಿನ ಮೂತಿಯನ್ನು ಮುಟ್ಟಿದರು.

"ಛಲೋ ಮಾಡೀದಿ" ಎಂದರು. "ಹನ್ನೊಂದನೇದ್ದು ಮುಚ್ಚಿಬಿಡು."

ಅವರು ಎದ್ದರು. ಟೊಪ್ಪಿಗೆ ತೆಗೆದುಕೊಂಡರು. ಸೊಂಟದ ದಾರದಿಂದ ಕೋಣೆಯ ಕೀಲಿ ಬಿಚ್ಚಿ ಟೈಪ್‌ರೈಟರಿನ ಮೇಲಿಟ್ಟು, ದೀಪಿಕಾಳ ಕಡೆ ಸರಿಸಿದರು. ಏನು ನಡೆಯುತ್ತಿದೆ ಎಂದು ಮೊದಲು ತಿಳಿದದ್ದು ಗೋವಿಂದರಾಜನಿಗೆ.

"ಸರ, ಬ್ಯಾಡ್ರಿ. ನಾ ಸಿಟ್ಟಿನ್ಯಾಗ ಅಂದದ್ದು. ಕಟ್ಟಳಿ ಗಿಟ್ಟಳಿ ಏನಿಲ್ಲ. ಇದು ನಿಮ್ಮ ಸಾಲಿರಿ."

"ನನ್ನ ಸಾಲಿ ಅಂತನ ಕಟ್ಟಳಿ ನಂದು" ಎಂದರು ಸರ್. ಬಾಗಿಲಲ್ಲಿದ್ದ ರಫೀ ದಾರಿ ಬಿಟ್ಟ.

ವಿರುಪಣ್ಣ ಬೈಯಬೇಕೋ ಕಾಲು ಹಿಡಿಯಬೇಕೋ ತಿಳಿಯದೆ, ಇಡೀ ಓಣಿಗೆ ಕೇಳುವಂತೆ ಕೂಗಿದ.

"ನಿಲ್ರಿ ಸರ!"

ಕರಿಬಸಪ್ಪ ಸರ್ ನಿಂತರು. ಹೊಸ್ತಿಲ ಈಚೆಗೇ ನಿಂತರು. ಬೆನ್ನು ಇತ್ತ ಇತ್ತು, ಒಂದು ಕೈ ಚೌಕಟ್ಟಿನ ಮೇಲಿತ್ತು.

ಆಮೇಲೆ ಅವರು ಒಂದು ಹೆಜ್ಜೆ ಮುಂದಿಟ್ಟರು.

ಮೆಟ್ಟಿಲು ಇಳಿಯುವ ಸದ್ದು ರಸ್ತೆಯವರೆಗೂ ಕೇಳಿ, ಆಟೋಗಳ ಗದ್ದಲದಲ್ಲಿ ಸೇರಿಹೋಯಿತು. ವಿರುಪಣ್ಣ ಮುಂದಿನ ಭಾನುವಾರ ಕಾದ, ಅದರ ಮುಂದಿನದೂ ಕಾದ. ಸರ್ ಮನೆಗೆ ಹೋಗಿ ಕರೆದ, ಜಗಳಾಡಿದ. ಅವರು ಚಹ ಕೊಟ್ಟು ಕಳಿಸಿದರು. ಆ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ.